ಸೆಮಿಸ್ಟರ್ ಮುಗಿದ ಮೇಲೆ ಊರಲ್ಲಿ ಉಳಿಯುವವರು ಯಾರು? ಒಂದು ಪ್ರಕರಣ ಅಧ್ಯಯನ

ಒಂದು ವಿಶ್ವವಿದ್ಯಾಲಯ ಮತ್ತು ಅದರ ಬೆನ್ನಿಗೆ ಅಂಟಿಕೊಂಡ ಬಡಾವಣೆಯ ನಡುವೆ ಮೂರು ವರ್ಷ ನಡೆದ ಪ್ರಯತ್ನದ ವಿವರ ಇದು. ಗುರುತು ಹತ್ತಬಾರದೆಂದು ಊರು, ಸಂಸ್ಥೆ, ವ್ಯಕ್ತಿಗಳ ಹೆಸರು ಬಿಟ್ಟಿದೆ. ಪತ್ತೆಗೆ ದಾರಿಯಾಗಬಹುದಾದ ವಿವರಗಳನ್ನು ಬದಲಿಸಿದೆ. ಇಂಥದೇ ಕೆಲಸಕ್ಕೆ ಕೈಹಾಕಿದ ಅಧ್ಯಾಪಕರಿಗಾಗಲಿ ನಿವಾಸಿಗಳ ಸಂಘಕ್ಕಾಗಲಿ ಗೆದ್ದ ಕಥೆಗಿಂತ ಎಡವಿದ ಜಾಗಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಆದ್ದರಿಂದ ಅವುಗಳ ಬಗ್ಗೆಯೇ ಇಲ್ಲಿ ಹೆಚ್ಚು ಬರೆದಿದೆ.

ಹಿನ್ನೆಲೆ

ವಿಶ್ವವಿದ್ಯಾಲಯ ಕಟ್ಟಿದಾಗ ಸುತ್ತಲೂ ಬಯಲಿತ್ತು. ಈಗ ಮೂರು ಕಡೆ ಮನೆಗಳು. ಕಾಂಪೌಂಡಿಗೆ ಎರಡು ಗೇಟು: ಮುಂದಿನದು ಹೆದ್ದಾರಿಗೆ ತೆರೆದುಕೊಂಡರೆ, ಹಿಂದಿನದು ಬಡಾವಣೆಗೆ. ಹಿಂದಿನ ಗೇಟಿಗೆ ಸಂಜೆ 6ಕ್ಕೆ ಬೀಗ. ಹಾಸ್ಟೆಲಿನಲ್ಲಿ ಜಾಗ ಸಾಲದೆ ಎರಡನೇ ವರ್ಷದಿಂದ ಬಹುತೇಕ ವಿದ್ಯಾರ್ಥಿಗಳು ಬಡಾವಣೆಯ ಬಾಡಿಗೆ ಮನೆಗಳಲ್ಲಿ, ಒಂದು ಮನೆಗೆ ನಾಲ್ಕೈದು ಮಂದಿಯಂತೆ ಇರುತ್ತಾರೆ. ಉಳಿದ ಮನೆಗಳಲ್ಲಿ ನಿವೃತ್ತರು, ಚಿಕ್ಕ ಮಕ್ಕಳಿರುವ ಕುಟುಂಬಗಳು, ಸಣ್ಣ ವ್ಯಾಪಾರಿಗಳು. ಇವರಲ್ಲದೆ ಇನ್ನೊಂದು ವರ್ಗವಿದೆ. ವಿಶ್ವವಿದ್ಯಾಲಯದಲ್ಲೇ ಕಾವಲು, ಸ್ವಚ್ಛತೆ, ಗ್ರಂಥಾಲಯದ ಸಹಾಯಕ ಕೆಲಸ ಮಾಡುತ್ತ ಇದೇ ಬಡಾವಣೆಯಲ್ಲಿ ವಾಸಿಸುವವರು. ಎರಡೂ ಕಡೆಯನ್ನು ಬಲ್ಲವರು ಇವರು ಮಾತ್ರ. ಮೊದಲ ಒಂದೂವರೆ ವರ್ಷ ಇವರನ್ನು ಯಾರೂ ಯಾವ ಸಭೆಗೂ ಕರೆಯಲಿಲ್ಲ.

ಊರಿಗೂ ವಿಶ್ವವಿದ್ಯಾಲಯಕ್ಕೂ ಆಗಿಬರದ ಕಥೆ ಹಳೆಯದು. ಆಕ್ಸ್‌ಫರ್ಡಿನಲ್ಲಿ 1355ರ ಫೆಬ್ರವರಿ 10ರಂದು ಹೆಂಡದಂಗಡಿಯಲ್ಲಿ ವೈನ್ ಚೆನ್ನಾಗಿಲ್ಲ ಎಂಬ ಮಾತಿನಿಂದ ಹತ್ತಿಕೊಂಡ ಜಗಳ ಹತ್ತಾರು ಜೀವ ತೆಗೆದುಕೊಂಡಿತು. ಅದರ ಪ್ರಾಯಶ್ಚಿತ್ತವಾಗಿ ಊರಿನ ಮೇಯರ್ ವರ್ಷಕ್ಕೊಮ್ಮೆ ವಿಶ್ವವಿದ್ಯಾಲಯದ ಮುಂದೆ ತಲೆಬಾಗುವ ಆಚರಣೆ 1825ರವರೆಗೂ ನಡೆಯಿತು. ನಮ್ಮ ಪ್ರಕರಣದಲ್ಲಿ ರಕ್ತಪಾತವೇನೂ ಆಗಿಲ್ಲ. ಇಲ್ಲಿ ಇದ್ದದ್ದು ಮುಖ ಸಿಂಡರಿಸಿಕೊಂಡು ಪಕ್ಕಪಕ್ಕದಲ್ಲೇ ಬದುಕುವ ಸಾಧಾರಣ ಅಸಹನೆ.

ಸಮಸ್ಯೆ

ನಿವಾಸಿಗಳ ದೂರು ಮೂರು: ತಡರಾತ್ರಿಯ ಗದ್ದಲ, ಗೇಟಿಗೆ ಅಡ್ಡ ನಿಲ್ಲಿಸಿದ ವಾಹನ, ಮನೆ ಮುಂದಿನ ಕಸ. ವಿದ್ಯಾರ್ಥಿಗಳ ದೂರೂ ಮೂರು: ಮನೆ ಬಿಡುವಾಗ ಮುಂಗಡ ಹಣ ಪೂರ್ತಿ ಕೈಗೆ ಬರುವುದಿಲ್ಲ, ಮಾಲೀಕರು ಹೇಳದೆ ಕೇಳದೆ ಒಳಬರುತ್ತಾರೆ, ಹಿಂದಿನ ಗೇಟಿನಿಂದ ಬಸ್ ನಿಲ್ದಾಣಕ್ಕೆ ಹೋಗುವ 800 ಮೀಟರ್ ರಸ್ತೆ ಕತ್ತಲು.

ಈ ದೂರುಗಳು ಯಾವ ಮೇಜಿಗೆ ಹೋಗುತ್ತಿದ್ದವು ಎನ್ನುವುದು ಮುಖ್ಯ. ನಿವಾಸಿಗಳ ಪತ್ರ ಶಿಸ್ತು ಸಮಿತಿಗೆ ಹೋಗುತ್ತಿತ್ತು, ವಿದ್ಯಾರ್ಥಿಗಳದು ಭದ್ರತಾ ವಿಭಾಗಕ್ಕೆ. ಒಂದು ಕಡೆ ಅದು ತಪ್ಪಿತಸ್ಥರನ್ನು ಹುಡುಕುವ ವಿಷಯವಾಯಿತು, ಇನ್ನೊಂದು ಕಡೆ ಗೇಟು ಬೇಗ ಮುಚ್ಚುವ ವಿಷಯವಾಯಿತು. ಎರಡು ಪಟ್ಟಿಗಳನ್ನೂ ಒಟ್ಟಿಗೆ ನೋಡಿದ ಒಬ್ಬ ಮನುಷ್ಯನೂ ಆಡಳಿತದಲ್ಲಿರಲಿಲ್ಲ.

ಮೊದಲ ಯತ್ನ: ಒಂದು ದಿನದ ಸ್ವಚ್ಛತೆ

ಎಲ್ಲರೂ ಮಾಡುವುದನ್ನೇ ಇವರೂ ಮಾಡಿದರು. ಭಾನುವಾರ ಬೆಳಗ್ಗೆ ಟೋಪಿ, ಕೈಗವಸು, ಬ್ಯಾನರು, ಫೋಟೋ. ರಸ್ತೆ ಸ್ವಚ್ಛವಾಯಿತು. ಎರಡನೇ ವಾರಕ್ಕೆ ಕಸ ಅದೇ ಜಾಗದಲ್ಲಿ ಬಂದು ಬಿದ್ದಿತ್ತು.

ಕಾರಣ ಬಹಳ ಸಾದಾ. ಕಸದ ಗಾಡಿ ಬರುತ್ತಿದ್ದುದು ಬೆಳಗ್ಗೆ 6.30ಕ್ಕೆ. ರಾತ್ರಿ ಎರಡರವರೆಗೆ ಎದ್ದಿರುವ ಮನೆಯಲ್ಲಿ ಆ ಹೊತ್ತಿಗೆ ಯಾರೂ ಏಳುವುದಿಲ್ಲ. ಹಾಗಾಗಿ ಚೀಲವನ್ನು ರಾತ್ರಿಯೇ ಹೊರಗಿಡುತ್ತಿದ್ದರು, ಬೆಳಗಾಗುವಷ್ಟರಲ್ಲಿ ನಾಯಿಗಳು ಹರಿದು ಹರಡುತ್ತಿದ್ದವು. ಇದನ್ನು ಪೊರಕೆಯಿಂದ ಸರಿಮಾಡಲು ಆಗುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿ ಬೇಕು, ಮನೆಗೆ ಬಂದ ಮೊದಲ ದಿನವೇ ಗಾಡಿಯ ಸಮಯ ತಿಳಿದಿರಬೇಕು. ಮುಂದೆ ಬಾಡಿಗೆ ಕರಾರಿನ ಜೊತೆ ಒಂದು ಚೀಟಿ ಕೊಡುವ ಪದ್ಧತಿ ಬಂತು: ಗಾಡಿಯ ಸಮಯ, ಯಾವ ದಿನ ಯಾವ ಕಸ, ವಾಹನ ಎಲ್ಲಿ ನಿಲ್ಲಿಸಬೇಕು, ಪಕ್ಕದ ಮನೆಯವರ ಹೆಸರು. ಕೊನೆಯ ಸಾಲನ್ನು ಮಾಲೀಕರ ಎದುರೇ, ಪಕ್ಕದ ಮನೆಯವರನ್ನು ಕೇಳಿಕೊಂಡು ಬಂದು ತುಂಬಬೇಕು. ಆ ಒಂದು ಸಾಲಿನಿಂದ ಆದ ಪರಿಚಯ ಬ್ಯಾನರಿನಿಂದ ಆಗಿರಲಿಲ್ಲ.

ಎರಡನೇ ಯತ್ನ: ಸ್ವಯಂಸೇವಕರ ಪಾಠ

ಮುಂದಿನ ಸೆಮಿಸ್ಟರಿನಲ್ಲಿ ಬಡಾವಣೆಯ ಮಕ್ಕಳಿಗೆ ಸಂಜೆ ಪಾಠ, ಒಂಟಿ ಹಿರಿಯರ ಮನೆಗೆ ವಾರಕ್ಕೊಂದು ಭೇಟಿ ಎಂದು ಶುರುವಾಯಿತು. ಹೆಸರು ಕೊಟ್ಟವರು ಬೇಕಾದ್ದಕ್ಕಿಂತ ಹೆಚ್ಚು. ಆದರೆ ಆಂತರಿಕ ಪರೀಕ್ಷೆಯ ವಾರ ಬರುತ್ತಲೇ ಅರ್ಧಕ್ಕರ್ಧ ಜನ ಕಾಣೆಯಾದರು. ಎರಡು ಸಂಜೆ ಮಕ್ಕಳು ಪುಸ್ತಕ ಹಿಡಿದು ಬಂದು, ಕಾದು, ವಾಪಸು ಹೋದರು. ಸೆಮಿಸ್ಟರ್ ಮುಗಿದ ಮೇಲೆ ಹಿರಿಯರ ಮನೆಗಳಿಗೂ ಯಾರೂ ಹೋಗಲಿಲ್ಲ. ಬರುವುದಿಲ್ಲ ಎಂದು ಹೇಳುವುದಕ್ಕೂ ಹೋಗಲಿಲ್ಲ.

ಇಲ್ಲಿ ವಿದ್ಯಾರ್ಥಿಗಳನ್ನು ಬೈಯುವುದು ಸುಲಭ, ಆದರೆ ತಪ್ಪು ಲೆಕ್ಕದ್ದು. 16 ವಾರದ ಸೆಮಿಸ್ಟರಿನಲ್ಲಿ ಮೊದಲ 2 ವಾರ ನೋಂದಣಿ ಮತ್ತು ವೇಳಾಪಟ್ಟಿಯ ಗೊಂದಲಕ್ಕೆ, 2 ವಾರ ಆಂತರಿಕ ಪರೀಕ್ಷೆಗೆ, ಕೊನೆಯ 3 ವಾರ ಓದಿಗೆ. ಉಳಿಯುವುದು 9. ಊರು ಪರಿಚಯವಾಗಲು, ಮಕ್ಕಳ ಹೆಸರು ನೆನಪಿಡಲು ಅದರಲ್ಲಿ 2 ವಾರ ಬೇಕು. ಕೈಗೆ ಸಿಗುವ ನಿಜವಾದ ಕೆಲಸದ ಅವಧಿ 7 ವಾರ, ವಾರಕ್ಕೆ 2 ಗಂಟೆಯಂತೆ 14 ಗಂಟೆ. 14 ಗಂಟೆಯಲ್ಲಿ ಒಂದು ಮಗುವಿನ ಗಣಿತ ಸುಧಾರಿಸುತ್ತದೆಂದು ಮಾತು ಕೊಟ್ಟವರು ಯಾರು? ಊರಿನ ಶಾಲೆಯ ವರ್ಷಕ್ಕೂ ವಿಶ್ವವಿದ್ಯಾಲಯದ ವರ್ಷಕ್ಕೂ ತಾಳ ಕೂಡಿರಲಿಲ್ಲ. ಮುದುಕರ ಒಂಟಿತನಕ್ಕಂತೂ ಸೆಮಿಸ್ಟರ್ ಗೊತ್ತಿಲ್ಲ.

ಇದರಿಂದ ಬಂದ ಮೊದಲ ಕಠಿಣ ನಿರ್ಧಾರ: ಒಬ್ಬ ವಿದ್ಯಾರ್ಥಿ ಹೋದರೆ ಇನ್ನೊಬ್ಬರು ಆ ಜಾಗಕ್ಕೆ ಬರುವ ವ್ಯವಸ್ಥೆ ಇಲ್ಲದಿದ್ದರೆ, ವ್ಯಕ್ತಿ ಸಂಬಂಧದ ಮೇಲೆ ನಿಂತ ಕೆಲಸವನ್ನು ಶುರುವೇ ಮಾಡಬಾರದು. ಹಿರಿಯರ ಭೇಟಿ ನಿಲ್ಲಿಸಲಾಯಿತು. ಹಾಗೆ ನಿಲ್ಲಿಸುವ ಮುನ್ನ ಪ್ರತಿ ಮನೆಗೂ ಹೋಗಿ ತಿಳಿಸಲಾಯಿತು. ಅಷ್ಟು ಮಾಡಿದ್ದರಿಂದಲೇ ಮುಂದೆ ಆ ಬಾಗಿಲುಗಳು ಮತ್ತೆ ತೆರೆದವು ಎಂದು ಸಂಘದವರು ಆಮೇಲೆ ಹೇಳಿದರು.

ತಿರುವು: ಸಭೆಯ ಜಾಗ ಮತ್ತು ಹೊತ್ತು

ಅಲ್ಲಿಯವರೆಗೆ ಜಂಟಿ ಸಭೆಗಳು ನಡೆಯುತ್ತಿದ್ದುದು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ, ಬೆಳಗ್ಗೆ 11ಕ್ಕೆ. ಒಳಬರಲು ಗೇಟಿನಲ್ಲಿ ಹೆಸರು, ವಾಹನದ ಸಂಖ್ಯೆ, ಭೇಟಿಯ ಉದ್ದೇಶ ಬರೆಯಬೇಕು. ನೆರೆಯವರನ್ನು ಕರೆದು ಹಾಜರಿ ಪುಸ್ತಕ ಚಾಚಿದರೆ ಅವರಿಗೆ ಹೇಗನ್ನಿಸುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಆ ಹೊತ್ತಿಗೆ ಬರಬಲ್ಲವರು ನಿವೃತ್ತರು ಮಾತ್ರ; ಬಾಡಿಗೆದಾರರ ಸಂಸಾರಗಳು, ದುಡಿಯುವ ಹೆಂಗಸರು, ಅಂಗಡಿಯವರು ಬರುವಂತಿರಲಿಲ್ಲ. ತರಗತಿಯಿದ್ದ ಕಾರಣ ವಿದ್ಯಾರ್ಥಿಗಳೂ ಇರುತ್ತಿರಲಿಲ್ಲ.

ಸಭೆಯನ್ನು ಬಡಾವಣೆಯ ಪ್ರಾಥಮಿಕ ಶಾಲೆಯ ಒಂದು ಕೋಣೆಗೆ, ಸಂಜೆ 7ಕ್ಕೆ ಒಯ್ಯಲಾಯಿತು. ಒಂದು ಗಂಟೆ ಮೀರುವಂತಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುವ, ಅಲ್ಲೇ ನಾಲ್ಕನೇ ಬೀದಿಯಲ್ಲಿರುವ ಸಹಾಯಕರೊಬ್ಬರು ಬಾಗಿಲು ತೆರೆಯುವ ಹೊಣೆ ಹೊತ್ತರು. ವಾರಕ್ಕೆ 4 ಗಂಟೆ ಈ ಕೆಲಸಕ್ಕೆಂದು ಅವರ ಕರ್ತವ್ಯದ ಅವಧಿಯಲ್ಲೇ ಬರೆದುಕೊಡಲಾಯಿತು. ಪುಕ್ಕಟೆ ದುಡಿಸಿಕೊಳ್ಳಬಾರದು ಎಂದು ಹಟ ಹಿಡಿದ ಅಧ್ಯಾಪಕಿಯ ಮಾತು ನಡೆದದ್ದರಿಂದ ಇದು ಸಾಧ್ಯವಾಯಿತು.

ಆ ಕೋಣೆಯಲ್ಲಿ ಎರಡು ದೂರಿನ ಪಟ್ಟಿಗಳನ್ನು ಮೊದಲ ಬಾರಿಗೆ ಪಕ್ಕಪಕ್ಕ ಅಂಟಿಸಿದರು. ನಿವಾಸಿಗಳ ಪಟ್ಟಿಯ ಕೆಳಗೆ, ಯಾರೂ ಗಮನಿಸದ ಸಾಲೊಂದಿತ್ತು: ಹಿಂದಿನ ರಸ್ತೆಯಲ್ಲಿ ಸಂಜೆ ನಡೆಯಲಾಗುವುದಿಲ್ಲ. ವಿದ್ಯಾರ್ಥಿಗಳ ಕತ್ತಲ ರಸ್ತೆಯೂ ಅದೇ. ಎರಡೂ ಕಡೆಯವರು ಬೇರೆ ಬೇರೆಯಾಗಿ ನಗರಾಡಳಿತಕ್ಕೆ ಬರೆದಿದ್ದರು. ಇಬ್ಬರಿಗೂ ಒಂದೇ ಉತ್ತರ ಬಂದಿತ್ತು: ಕಂಬದ ಸಂಖ್ಯೆ ತಿಳಿಸಿ.

ಮೂರನೇ ಯತ್ನ: ದೀಪದ ನಡಿಗೆ

ಉಪಕಾರದ ಮಾತು ಇಲ್ಲಿಗೆ ಮುಗಿಯಿತು. ಎರಡೂ ಕಡೆಯವರ ಕಾಲು ಎಡವುತ್ತಿದ್ದ ರಸ್ತೆ ಒಂದೇ.

ರಸ್ತೆಯನ್ನು 200 ಮೀಟರಿನ ನಾಲ್ಕು ತುಂಡು ಮಾಡಿ, ಪ್ರತಿ ತುಂಡಿಗೆ ಇಬ್ಬರು ವಿದ್ಯಾರ್ಥಿಗಳು, ಒಬ್ಬ ನಿವಾಸಿಯ ತಂಡ. ಸೂರ್ಯಾಸ್ತವಾಗಿ 45 ನಿಮಿಷದ ನಂತರ ನಡಿಗೆ. ಒಂದೇ ರಾತ್ರಿಯ ಲೆಕ್ಕ ನಂಬುವಂಥದ್ದಲ್ಲ, ಆ ಹೊತ್ತಿಗೆ ಕರೆಂಟೇ ಹೋಗಿರಬಹುದು. ಆದ್ದರಿಂದ ವಾರದ ಬೇರೆ ಬೇರೆ ದಿನಗಳಲ್ಲಿ ಮೂರು ರಾತ್ರಿ. ಪ್ರತಿ ಕಂಬಕ್ಕೂ ನಾಲ್ಕರಲ್ಲಿ ಒಂದು ಗುರುತು: ಉರಿಯುತ್ತಿದೆ, ಆರಿದೆ, ಮಿಣುಕುತ್ತಿದೆ, ಕೊಂಬೆ ಮರೆಯಾಗಿದೆ.

ಕೆಲಸ ಮಾಡುವಾಗ ಎದುರಾದ ತೊಡಕುಗಳನ್ನು ಬರೆಯಲೇಬೇಕು, ಏಕೆಂದರೆ ಎಲ್ಲ ಕಡೆ ಇವೇ ಕಾಡುತ್ತವೆ. ಮೊಬೈಲಿನ ಜಿಪಿಎಸ್ ಮರ, ಕಟ್ಟಡಗಳ ನಡುವೆ ಹಲವು ಮೀಟರ್ ತಪ್ಪುತ್ತದೆ. ಪಕ್ಕದ ಕಂಬದ ಲೆಕ್ಕ ಈ ಕಂಬಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಕಂಬದ ಮೇಲಿನ ಸಂಖ್ಯೆಯೇ ಆಧಾರ. ಸಂಖ್ಯೆ ಮಾಸಿಹೋಗಿದ್ದ ಕಡೆ ಹತ್ತಿರದ ಓದಬಲ್ಲ ಕಂಬದಿಂದ ಎಷ್ಟನೆಯದು, ಯಾವ ಮನೆಯ ಎದುರು ಎಂದು ಬರೆದರು. ಫೋಟೋ ಸಾಕ್ಷಿಯಾಗಲಿಲ್ಲ. ಈಗಿನ ಕ್ಯಾಮೆರಾಗಳ ರಾತ್ರಿ ಮೋಡ್ ಕತ್ತಲನ್ನು ತಾನಾಗಿಯೇ ಬೆಳಗಿಸುತ್ತದೆ. ಮೊದಲ ರಾತ್ರಿಯ ಚಿತ್ರಗಳಲ್ಲಿ ರಸ್ತೆ ಜಗಮಗ ಹೊಳೆಯುತ್ತಿತ್ತು. ಬೆಳಕು ಅಳೆಯುವ ಆ್ಯಪ್‌ಗಳು ಒಂದೊಂದು ಫೋನಿನಲ್ಲಿ ಒಂದೊಂದು ಅಂಕಿ ತೋರಿಸಿದವು. ಕೊನೆಗೆ ಬೀದಿದೀಪದವರೇ ಬಳಸುವ ಸರಳ ಅಳತೆಗೆ ಬಂದರು: ಎದುರಿನಿಂದ ಬರುವವರ ಮುಖ 4 ಮೀಟರ್ ದೂರದಿಂದ ಗುರುತು ಸಿಗುತ್ತದೆಯೇ, ಇಲ್ಲವೇ. ಹೌದು ಅಥವಾ ಇಲ್ಲ, ಅಷ್ಟೇ. ಎಪ್ಪತ್ತರ ಹಿರಿಯರ ಕಣ್ಣಿಗೂ ಇಪ್ಪತ್ತರವರ ಕಣ್ಣಿಗೂ ಉತ್ತರ ಬೇರೆ ಬಂದ ಕಡೆ ಹಿರಿಯರದ್ದನ್ನೇ ಬರೆದುಕೊಂಡರು.

ಮೂರು ರಾತ್ರಿಯ ಪಟ್ಟಿ ಕೂಡಿಸಿದಾಗ ಕಂಡದ್ದು ಯಾರೂ ಊಹಿಸದ ಸಂಗತಿ. ಕತ್ತಲಿದ್ದ ಹಲವು ಕಡೆ ದೀಪ ಉರಿಯುತ್ತಲೇ ಇತ್ತು! ದೀಪದ ಕೆಳಗೆ ಕೊಂಬೆ ಬೆಳೆದು ಬೆಳಕೆಲ್ಲ ಎಲೆಗಳ ಮೇಲೆ ನಿಂತುಬಿಟ್ಟಿತ್ತು. ಇದು ವಿದ್ಯುತ್ ವಿಭಾಗದ ಕೆಲಸವಲ್ಲ, ಮರ ಕತ್ತರಿಸುವ ವಿಭಾಗದ್ದು. ಇಷ್ಟು ದಿನ ಬರೆದ ಪತ್ರಗಳು ತಪ್ಪು ಮೇಜಿಗೆ ಹೋಗಿದ್ದವು. ಇನ್ನೊಂದು ಕಡೆ ಸಾಲಾಗಿ ಹಲವು ಕಂಬ ಒಟ್ಟಿಗೆ ಆರಿದ್ದವು. ಬಲ್ಬುಗಳು ಹಾಗೆ ಸಾಲುಗಟ್ಟಿ ಕೆಡುವುದಿಲ್ಲ. ಅವುಗಳಿಗೆಲ್ಲ ಒಂದೇ ಕಡೆಯಿಂದ ಬರುವ ತಂತಿಯಲ್ಲೋ ಸ್ವಿಚ್ ಪೆಟ್ಟಿಗೆಯಲ್ಲೋ ದೋಷ. ಉಳಿದವು ಮಾತ್ರ ಬಿಡಿಬಿಡಿಯಾಗಿ ಕೆಟ್ಟ ದೀಪಗಳು.

ವಿದ್ಯಾರ್ಥಿಗಳು ಇದನ್ನು 40 ಪುಟದ ವರದಿ ಮಾಡಿದರು. ಪೀಠಿಕೆ, ಅಧ್ಯಯನ ವಿಧಾನ, ಬಣ್ಣದ ನಕ್ಷೆ, ಉಲ್ಲೇಖಗಳು. ಸಂಘದ ಕಾರ್ಯದರ್ಶಿ ಅದನ್ನು ತಿರುವಿ ಹಾಕಿ ಕೇಳಿದ ಪ್ರಶ್ನೆ: ಇದರಲ್ಲಿ ಯಾವ ಪುಟ ಕಳಿಸಲಿ? ವರದಿಯನ್ನು ಅಂಕಕ್ಕೆ ಇಟ್ಟುಕೊಂಡು ಮೂರು ಬೇರೆ ಪತ್ರ ಬರೆದರು, ತಲಾ ಒಂದು ಪುಟ. ಕೊಂಬೆಯ ಕಂಬಗಳ ಪಟ್ಟಿ ಮರದ ವಿಭಾಗಕ್ಕೆ, ಸಾಲು ಆರಿದ ಕಂಬಗಳು ವಿದ್ಯುತ್ ಜಾಲದ ಎಂಜಿನಿಯರಿಗೆ, ಬಿಡಿ ದೀಪಗಳು ನಿರ್ವಹಣೆಯವರಿಗೆ. ಸಹಿ ಎರಡು: ಸಂಘದ್ದು, ವಿದ್ಯಾರ್ಥಿ ಪ್ರತಿನಿಧಿಯದ್ದು.

ಏನಾಯಿತು, ಎಲ್ಲಿ ಸಿಕ್ಕಿಕೊಂಡಿತು

ಕೊಂಬೆಗಳು ಮೊದಲು ಹೋದವು. ಕಡಿಮೆ ಖರ್ಚಿನ, ಒಂದೇ ತಂಡದ ಕೆಲಸ ಅದು. ಸಾಲು ದೀಪಗಳು ಬರಲು ತಡವಾಯಿತು. ಬಿಡಿ ದೀಪಗಳು ಎಲ್ಲಕ್ಕಿಂತ ತಡ. ಅಷ್ಟರಲ್ಲಿ ಸೆಮಿಸ್ಟರ್ ಮುಗಿದು, ಪತ್ರಕ್ಕೆ ಸಹಿ ಹಾಕಿದ ವಿದ್ಯಾರ್ಥಿ ಪದವಿ ಪಡೆದು ಹೋಗಿಯಾಗಿತ್ತು. ಹಳೆಯ ಕಾಯಿಲೆ ಮರುಕಳಿಸುವ ಲಕ್ಷಣ.

ಹೊಸ ತಂಡಕ್ಕೆ ಹಳೆಯ ತಂಡ ಕೈದಾಟಿಸಲಿ ಎಂಬ ಸಲಹೆ ಕೇಳಲು ಚೆಂದ. ಆದರೆ ರಜೆಯಲ್ಲಿ ಹಳಬರು ಹೋಗಿರುತ್ತಾರೆ, ಹೊಸಬರು ಇನ್ನೂ ನೋಂದಾಯಿಸಿರುವುದಿಲ್ಲ. ಇಬ್ಬರೂ ಒಟ್ಟಿಗಿರುವ ದಿನವೇ ಇಲ್ಲ. ಇದಕ್ಕೆ ಮಾಡಿದ ಉಪಾಯ ಎರಡು ಭಾಗದ್ದು. ಹೋಗುವ ತಂಡದಿಂದ ಇಬ್ಬರನ್ನು, ಇನ್ನೂ ಒಂದು ವರ್ಷ ಓದು ಉಳಿದವರನ್ನೇ ಆರಿಸಿ, ರಜೆಯಲ್ಲೂ ಮುಂದಿನ ಸೆಮಿಸ್ಟರಿನ ಮೊದಲ 3 ವಾರದಲ್ಲೂ ಸಂಭಾವನೆ ಕೊಟ್ಟು ಉಳಿಸಿಕೊಳ್ಳುವುದು. ಎರಡನೆಯದು ಒಂದು ರಟ್ಟಿನ ಪುಸ್ತಕ. ಒಂದು ವಿಷಯಕ್ಕೆ ಒಂದು ಪುಟ; ಏನು ಕೇಳಿದೆವು, ಯಾರನ್ನು, ಯಾವಾಗ, ಬಂದ ಉತ್ತರ, ಮುಂದೆ ವಿಚಾರಿಸಬೇಕಾದ ತಾರೀಖು, ಯಾರು ವಿಚಾರಿಸಬೇಕು. ಕೊನೆಯ ಕಾಲಮ್ಮಿನಲ್ಲಿ ವಿದ್ಯಾರ್ಥಿಯ ಹೆಸರಿನ ಜೊತೆ ಒಬ್ಬ ನಿವಾಸಿಯ ಹೆಸರು ಇರಲೇಬೇಕು. ಪುಸ್ತಕ ಶಾಲೆಯ ಕೋಣೆಯಲ್ಲೇ ಇರುತ್ತದೆ. ವಿಶ್ವವಿದ್ಯಾಲಯಕ್ಕೆ ಅದರ ಫೋಟೋ ಮಾತ್ರ ಹೋಗುತ್ತದೆ. ಆನ್‌ಲೈನ್ ಕಡತವನ್ನೂ ಮೊದಲು ಯತ್ನಿಸಿದ್ದರು, ಅದನ್ನು ತೆರೆಯುವ ಪಾಸ್‌ವರ್ಡ್ ಪದವಿ ಪಡೆದವರ ಜೊತೆ ಹೋಯಿತು.

ಕೆಲಸವನ್ನು 2 ಕ್ರೆಡಿಟಿನ ಐಚ್ಛಿಕ ಪತ್ರಿಕೆಯಾಗಿ ಮಾಡಿದ್ದು ಇದೇ ಹೊತ್ತಿಗೆ. ಇದರ ಮಾದರಿ ನೆದರ್ಲ್ಯಾಂಡ್ಸಿನಲ್ಲಿ 1970ರ ದಶಕದಲ್ಲಿ ಶುರುವಾದ ವಿಜ್ಞಾನದಂಗಡಿಗಳು. ಅಲ್ಲಿ ಪ್ರಶ್ನೆ ಊರಿನ ಸಂಘಸಂಸ್ಥೆಗಳಿಂದ ಬರುತ್ತದೆ, ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಅದಕ್ಕೆ ಉತ್ತರ ಹುಡುಕುತ್ತಾರೆ. ಇಲ್ಲಿಯೂ ಅದೇ ನಿಯಮ: ವಿಷಯವನ್ನು ಅಧ್ಯಾಪಕರು ಕೊಡುವಂತಿಲ್ಲ, ರಟ್ಟಿನ ಪುಸ್ತಕದಿಂದಲೇ ಎತ್ತಿಕೊಳ್ಳಬೇಕು. ಕ್ರೆಡಿಟ್ ಕೊಟ್ಟರೆ ಸೇವಾಭಾವ ಹಾಳಾಗುತ್ತದೆ ಎಂಬ ವಾದ ವಿಭಾಗದ ಸಭೆಯಲ್ಲಿ ಕೇಳಿಬಂತು. ಬರುತ್ತೇನೆಂದು ಹೇಳಿ ಬಾರದಿರುವ ಭಾವಕ್ಕಿಂತ ಹಾಜರಿ ಇರುವ ಪಾಠ ಊರಿಗೆ ಒಳ್ಳೆಯದು ಎಂಬುದು ಅದಕ್ಕೆ ಸಿಕ್ಕ ಉತ್ತರ, ಅದು ಸರಿಯಾದ ಉತ್ತರವೇ.

ಅಂಕದಲ್ಲಿ ನೂರಕ್ಕೆ 30 ನಿವಾಸಿಗಳ ಕೈಲಿ. ಮೊದಲ ಸಲ ಎಲ್ಲರಿಗೂ ಮೂವತ್ತಕ್ಕೆ ಮೂವತ್ತು ಬಂತು. ಮಕ್ಕಳಿಗೆ ಯಾಕೆ ಕಡಿಮೆ ಕೊಡುವುದು ಎಂಬ ದಾಕ್ಷಿಣ್ಯ. ಎರಡನೇ ಸಲ ಅಂಕದ ಬದಲು ಮೂರು ಪ್ರಶ್ನೆ ಕೇಳಿದರು: ಹೇಳಿದ ಹೊತ್ತಿಗೆ ಬಂದರೇ? ಬರಲಾಗದಿದ್ದರೆ ಹಿಂದಿನ ದಿನ ತಿಳಿಸಿದರೇ? ಕೊನೆಗೆ ಕೊಟ್ಟ ಕಾಗದ ಉಪಯೋಗಕ್ಕೆ ಬಂತೇ? ಹೌದಿಗೆ 10, ಇಲ್ಲಕ್ಕೆ ಸೊನ್ನೆ. ದಾಕ್ಷಿಣ್ಯಕ್ಕೆ ಜಾಗವಿಲ್ಲದಂತೆ ಪ್ರಶ್ನೆ ಕೇಳಿದರೆ ಜನ ನಿಜ ಹೇಳುತ್ತಾರೆ.

ಅನುಮತಿಯ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಪ್ರತಿ ಯೋಜನೆಗೂ, ಜನರನ್ನು ಒಳಗೊಂಡ ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಕೇಳುತ್ತ ಕೂತರೆ ಆ 9 ವಾರ ಅಲ್ಲೇ ಕರಗುತ್ತವೆ. ಇಡೀ ಪತ್ರಿಕೆಗೆ ಒಂದೇ ಒಪ್ಪಿಗೆ ಪಡೆದು ಮಿತಿಗಳನ್ನು ಅದರಲ್ಲೇ ಬರೆದರು: ಮನೆಯೊಳಗೆ ಹೋಗುವಂತಿಲ್ಲ, ಒಬ್ಬಂಟಿಯಾಗಿ ಹೋಗುವಂತಿಲ್ಲ, ಮಕ್ಕಳ ಜೊತೆ ಕೆಲಸವಿದ್ದರೆ ಶಾಲೆಯ ಶಿಕ್ಷಕರು ಎದುರಿರಬೇಕು, ಜನರ ಫೋಟೋ ಬೇಡ. ಇದನ್ನು ಮೀರುವ ಕೆಲಸಕ್ಕೆ ಮಾತ್ರ ಬೇರೆ ಅರ್ಜಿ.

ಕೈಗೂಡದ್ದು

ಮುಂಗಡ ಹಣದ ಜಗಳ ಬಗೆಹರಿಯಲಿಲ್ಲ. ಕಾನೂನು ವಿದ್ಯಾರ್ಥಿಗಳು ಅದನ್ನು ಎತ್ತಿಕೊಂಡಾಗ ಸಂಘ ಎರಡು ತಿಂಗಳು ಸಭೆಗೆ ಬರುವುದನ್ನೇ ನಿಲ್ಲಿಸಿತು. ಸಂಘದ ಪದಾಧಿಕಾರಿಗಳಲ್ಲಿ ಬಾಡಿಗೆಗೆ ಮನೆ ಕೊಟ್ಟವರೇ ಹೆಚ್ಚು. ಇದನ್ನು ಮೊದಲೇ ಗ್ರಹಿಸಬೇಕಿತ್ತು: ನೆರೆ ಎಂದರೆ ಒಂದೇ ದನಿಯಲ್ಲ, ಸಂಘ ಎಂದರೆ ಬಡಾವಣೆಯಲ್ಲ. ಬಾಡಿಗೆಗಿರುವ ಸಂಸಾರಗಳು ವಿದ್ಯಾರ್ಥಿಗಳ ಪರವಾಗಿದ್ದವು, ಆದರೆ ಅವರು ಸಂಘದ ಸದಸ್ಯರೇ ಅಲ್ಲ. ಕೊನೆಗೆ ಈ ವಿಷಯವನ್ನು ಜಂಟಿ ಸಭೆಯಿಂದ ಹೊರಗಿಟ್ಟು, ಮನೆ ಹಿಡಿಯುವ ದಿನ ಗೋಡೆ, ನಲ್ಲಿ, ಕಿಟಕಿಗಳ ಫೋಟೋ ತೆಗೆದು ಇಬ್ಬರೂ ಸಹಿ ಮಾಡುವ ಒಂದು ಪುಟದ ನಮೂನೆ ಹಂಚಿದರು. ಕೆಲವು ಮಾಲೀಕರು ಒಪ್ಪುತ್ತಾರೆ, ಹಲವರು ಒಪ್ಪುವುದಿಲ್ಲ. ಜಂಟಿ ಸಭೆ ಉಳಿಯಲಿ ಎಂದು ಇದನ್ನು ಬದಿಗಿಟ್ಟದ್ದು ಸರಿಯೇ ಎಂಬ ಪ್ರಶ್ನೆಗೆ ವಿದ್ಯಾರ್ಥಿ ಪ್ರತಿನಿಧಿಗಳಲ್ಲೇ ಎರಡು ಅಭಿಪ್ರಾಯವಿದೆ. ಬಾಡಿಗೆದಾರರ ಸಂಸಾರಗಳಿಗೆ ಸಭೆಯಲ್ಲಿ ಮೊದಲ ದಿನವೇ ನಿಗದಿತ ಸ್ಥಾನ ಕೊಟ್ಟಿದ್ದರೆ ಸಂಘಕ್ಕೆ ಹೀಗೆ ಎದ್ದುಹೋಗುವ ಬಲ ಇರುತ್ತಿರಲಿಲ್ಲ ಎನ್ನುವುದು ಮಾತ್ರ ಸ್ಪಷ್ಟ.

ವರ್ಷದ ಕೊನೆಗೆ ಬಿಟ್ಟುಹೋಗುವ ಸಾಮಾನಿನ ಸಂಗ್ರಹ ಅರ್ಧ ಫಲಿಸಿತು. ಮೊದಲ ವರ್ಷ ಮನೆ ಖಾಲಿ ಮಾಡುವ ಕೊನೆಯ ಎರಡು ದಿನ ಇಟ್ಟುಕೊಂಡು ಸೋತರು, ಎಲ್ಲರೂ ಒಟ್ಟಿಗೆ ಬಂದರು. ಮರುವರ್ಷ 3 ವಾರ ಮೊದಲೇ, ಎರಡು ಶನಿವಾರ ಹಂಚಿ ಮಾಡಿದಾಗ ಬಕೆಟು, ಮೇಜು, ಪುಸ್ತಕ ಚೆನ್ನಾಗಿ ಕೈಬದಲಾದವು. ಹಾಸಿಗೆ ಬೇಡವೇ ಬೇಡ: ತಿಗಣೆಯ ಭಯಕ್ಕೆ ಯಾರೂ ಮುಟ್ಟಲಿಲ್ಲ, ಕೋಣೆಯ ತುಂಬ ಅವೇ ಉಳಿದವು.

ಗೇಟು

ಎಲ್ಲಕ್ಕಿಂತ ಅಗ್ಗದ ನಿರ್ಧಾರ ಎಲ್ಲಕ್ಕಿಂತ ಕೊನೆಗೆ ಬಂತು. ಹಿಂದಿನ ಗೇಟನ್ನು ಸಂಜೆ 6ರ ಬದಲು ರಾತ್ರಿ 9ರವರೆಗೆ ತೆರೆದಿಡುವುದು. ಭದ್ರತಾ ವಿಭಾಗ ಒಪ್ಪಿರಲಿಲ್ಲ. ರಸ್ತೆ ಕತ್ತಲು ಎಂಬುದೇ ಅವರ ಕಾರಣ. ದೀಪ ಬಂದ ಮೇಲೆ ಆ ಕಾರಣ ಉಳಿಯಲಿಲ್ಲ. ಆದರೂ ಕಾಯಂ ಆದೇಶ ಕೇಳದೆ 6 ವಾರದ ಪ್ರಯೋಗ ಕೇಳಿದರು, ಪ್ರತಿ ರಾತ್ರಿ ನಡೆದದ್ದನ್ನು ಬರೆದಿಡುವ ಕೆಲಸವನ್ನು ಕಾವಲುಗಾರರಿಗೇ ಬಿಟ್ಟರು. ಇವರಲ್ಲಿ ಇಬ್ಬರು ಅದೇ ಬಡಾವಣೆಯವರು. ಆರು ವಾರದ ಪುಸ್ತಕ ನೋಡಿ ಭದ್ರತಾ ವಿಭಾಗವೇ ಅವಧಿಯನ್ನು ಮುಂದುವರಿಸಿತು. ಈಗ ಸಂಜೆ ಬಡಾವಣೆಯ ಹಿರಿಯರು ಕ್ಯಾಂಪಸ್ಸಿನ ಒಳಗಿನ ಮರದ ಸಾಲಿನಲ್ಲಿ ನಡೆಯಲು ಬರುತ್ತಾರೆ. ಅವರ ಹೆಸರು ಬರೆಸಿಕೊಳ್ಳುವುದಿಲ್ಲ.

ರಟ್ಟಿನ ಪುಸ್ತಕದಲ್ಲಿ ಸದ್ಯ ತೆರೆದಿರುವ ಪುಟಗಳಲ್ಲಿ ಒಂದು, ಗೇಟಿನ ಹೊರಗೆ ಮಳೆನೀರು ನಿಲ್ಲುವ ಗುಂಡಿಯದ್ದು. ಮುಂದೆ ವಿಚಾರಿಸಬೇಕಾದ ತಾರೀಖು ಪರೀಕ್ಷೆಯ ವಾರದಲ್ಲಿ ಬಿದ್ದಿದೆ. ಯಾರು ವಿಚಾರಿಸಬೇಕು ಎಂಬ ಕಾಲಮ್ಮಿನಲ್ಲಿ ವಿದ್ಯಾರ್ಥಿಯ ಹೆಸರಿಗೆ ಆವರಣ ಹಾಕಿ, ಪಕ್ಕದ ನಿವಾಸಿಯ ಹೆಸರಿನ ಕೆಳಗೆ ಗೆರೆ ಎಳೆದಿದ್ದಾರೆ.